ಬಿರುಗಾಳಿಯ ಮರುದಿನ: ಮನೆ ವಿಮೆಯ ಪರಿಹಾರ ಕೋರುವ ಕ್ರಮ



ಹೆಂಚು ಹಾರಿದ ಮನೆಯೊಡೆಯನು ಮೊದಲು ಮುಂದಾಗುವುದು ಚೂರುಗಳನ್ನು ಗುಡಿಸಿ ಹೊಸ ಹೆಂಚು ಹೊದಿಸಲು. ಆದರೆ ಆ ಚೂರುಗಳೊಡನೆ ಹಾನಿಯ ಸಾಕ್ಷ್ಯವೂ ಅಳಿಯುತ್ತದೆ.

ಆದ್ದರಿಂದ ಮೊದಲು ಛಾಯಾಚಿತ್ರ ತೆಗೆಯತಕ್ಕದ್ದು. ಬಳಿಕ ಹಾನಿ ಹೆಚ್ಚದಂತೆ ತಾಡಪಾಲು ಹೊದಿಸತಕ್ಕದ್ದು. ಒಡೆದ ಸಾಮಗ್ರಿಯನ್ನು ವಿಮಾ ಸರ್ವೇಯರು ಪರಿಶೀಲಿಸುವವರೆಗೆ ಕಾಯ್ದಿರಿಸತಕ್ಕದ್ದು.

2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯು ಬಿರುಗಾಳಿ, ನೆರೆ, ಸಿಡಿಲು, ಭೂಕುಸಿತಗಳ ಹಾನಿಗೆ ಅನ್ವಯಿಸುತ್ತದೆ. ಹಾನಿಯನ್ನು ಕೂಡಲೇ ಕಂಪನಿಗೆ ತಿಳಿಸಿ, ಅದು ಕಂಡುಬಂದ 30 ದಿನಗಳೊಳಗೆ ಕ್ಲೇಮು ಅರ್ಜಿ ಸಲ್ಲಿಸತಕ್ಕದ್ದು. ಕಂಪನಿಯು ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆದು, ಮೊದಲು ಕಂಪನಿಗೇ ದೂರು ನೀಡಿ, ಪರಿಹಾರ ದೊರೆಯದಿದ್ದಲ್ಲಿ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸಬಹುದು.

ಸರ್ಕಾರದ ವಿಪತ್ತು ಪರಿಹಾರವು ವಿಮೆಯಿಂದ ಬೇರೆ. ವಿಮೆಯಿಲ್ಲದವರು ಗ್ರಾಮ ಆಡಳಿತ ಅಧಿಕಾರಿಗೆ ಅಂದೇ ತಿಳಿಸಿ, ದುರಸ್ತಿಗೆ ಮುನ್ನ ಸ್ಥಳ ಮಹಜರು ಮಾಡಿಸಿಕೊಳ್ಳತಕ್ಕದ್ದು.