ಟೀಪಾಟಿನ ಹೊಟ್ಟೆಯೂ ತಳದ ಮುದ್ರೆಯೂ



ಕನ್ನಡಿಗರ ಬಾಯಲ್ಲಿ ಒಂದೇ ಪಾನೀಯಕ್ಕೆ ಎರಡು ಹೆಸರು. ಧಾರವಾಡದ ಮನೆಯಲ್ಲಿ ಅದು ಚಹಾ, ಮೈಸೂರಿನಲ್ಲಿ ಟೀ. ಎರಡೂ ಮೂಲತಃ ಚೀನಾದ ಮಾತುಗಳೇ. ಅಲ್ಲಿನ ಬಹುಪಾಲು ಜನ ಅದನ್ನು 'ಚಾ' ಎನ್ನುತ್ತಾರೆ. ಫ್ಯೂಜಿಯನ್ ಕರಾವಳಿಯವರು 'ತೆ' ಎನ್ನುತ್ತಾರೆ. ಡಚ್ ವರ್ತಕರ ಹಡಗು ಹತ್ತಿದ ಈ 'ತೆ' ಯುರೋಪಿಗೆ ಹೋಗಿ, ಇಂಗ್ಲಿಷರ ಕೈಯಿಂದ ಟೀ ಆಗಿ ನಮ್ಮಲ್ಲಿಗೆ ಬಂತು. ಹೆಸರುಗಳೇನೋ ಬಂದವು, ಅಲ್ಲಿಯ ಪಾತ್ರೆ ಮಾತ್ರ ನಮ್ಮ ಅಡುಗೆಮನೆ ಹೊಗಲಿಲ್ಲ. ಹಾಲು, ಸಕ್ಕರೆ ಹಾಕಿ ಕುದಿಸಿ ಸೋಸಿ ಕುಡಿಯುವವರಿಗೆ ಅದರ ಅಗತ್ಯವೂ ಬೀಳಲಿಲ್ಲ. ಇವತ್ತಿನ ಮಾತು ಆ ಪಾತ್ರೆಯ ಬಗ್ಗೆ, ಅದನ್ನು ಹುಡುಕಿ ಕೂಡಿಡುವವರ ಬಗ್ಗೆ.

ಟೀಪಾಟು ಚಹಾದಷ್ಟು ಹಳೆಯದಲ್ಲ. ಎಲೆಯನ್ನು ಬಿಲ್ಲೆ ಕಟ್ಟಿಟ್ಟು, ಬೇಕಾದಾಗ ಪುಡಿ ಮಾಡಿ, ಬಟ್ಟಲಲ್ಲಿ ಬಿಸಿನೀರು ಹಾಕಿ ಕಡೆದು ಕುಡಿಯುವುದು ಸಾಂಗ್ ರಾಜವಂಶದ ಕಾಲದ ರೀತಿ. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಹಾಂಗ್‌ವು, ಬಿಲ್ಲೆ ಕಟ್ಟುವ ದುಡಿಮೆ ಪ್ರಜೆಗಳಿಗೆ ಹೊರೆಯಾಗುತ್ತಿದೆ, ಅರಮನೆಗೆ ಬಿಡಿ ಎಲೆಯನ್ನೇ ಕಪ್ಪವಾಗಿ ಕಳಿಸಿ ಎಂದು ಆಜ್ಞೆ ಹೊರಡಿಸಿದ. ಬಿಡಿ ಎಲೆಯನ್ನು ಕಡೆಯಲಾಗದು, ನೆನೆಸಬೇಕು. ನೆನೆಸಲು ಮುಚ್ಚಳ ಬೇಕು, ಎಲೆಯನ್ನು ತಡೆದು ನೀರನ್ನು ಬಿಡುವ ಮೂತಿ ಬೇಕು. ನಮ್ಮ ಗಿಂಡಿಗೊಂದು ಹಿಡಿಕೆ ಹಚ್ಚಿ ಮುಚ್ಚಳ ಇಟ್ಟಂತೆ ಎಂದುಕೊಳ್ಳಿ.

ಅಂಥ ಪಾತ್ರೆಗೆ ಹೆಸರಾದ ಊರು ಜಿಯಾಂಗ್ಸು ಪ್ರಾಂತ್ಯದ ಇಶಿಂಗ್. ತಾಯ್ ಸರೋವರದ ಪಶ್ಚಿಮಕ್ಕಿರುವ ಈ ಸೀಮೆಯಲ್ಲಿ 'ಜಿಶಾ', ಅಂದರೆ ನೇರಳೆ ಮರಳು ಎಂಬ ಮಣ್ಣು ಸಿಗುತ್ತದೆ. ಕಲ್ಲಿನಂತೆ ಅಗೆದು ತೆಗೆದು, ಬಿಸಿಲು ಮಳೆಗೆ ಒಡ್ಡಿ, ಪುಡಿ ಮಾಡಿ ಹದಗೊಳಿಸಬೇಕು. ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಸುಟ್ಟಾಗ ಕೆಂಪು, ಕಂದು, ನೇರಳೆ ಬಣ್ಣ ಬರುತ್ತದೆ. ಇಲ್ಲಿಯ ಕುಶಲಕರ್ಮಿ ತಿಗರಿಯ ಮುಂದೆ ಕೂರುವುದಿಲ್ಲ. ಮಣ್ಣನ್ನು ಮರದ ಕೊಡತಿಯಿಂದ ಬಡಿದು ಹಾಳೆ ಮಾಡಿ, ಅದನ್ನು ಕೊಳವೆಯಂತೆ ಸುತ್ತಿ, ಒಳಗೆ ಬೆರಳಿಟ್ಟು ಹೊರಗಿನಿಂದ ಹಲಗೆಯಲ್ಲಿ ತಟ್ಟುತ್ತಾ ಹೊಟ್ಟೆ ಬರಿಸುತ್ತಾನೆ. ಮೂತಿ, ಹಿಡಿಕೆಗಳನ್ನು ಬೇರೆಯಾಗಿ ಮಾಡಿ ಮೆತ್ತುತ್ತಾನೆ. ಗೂಡಿನ ಶಾಖ 1100 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೇಲೆ ಗಾಜಿನಂಥ ಲೇಪವೇನೂ ಇಲ್ಲ.

ಸಂಗ್ರಹದ ಸುಖವೆಲ್ಲ ಈ ಲೇಪವಿಲ್ಲದ ಮೈಯಲ್ಲಿದೆ. ವರ್ಷಗಟ್ಟಲೆ ಚಹಾ ಕುಡಿದ ಪಾಟು ಎಣ್ಣೆ ಒರೆಸಿದ ಮರದಂತೆ ಮಿನುಗತೊಡಗುತ್ತದೆ. ಚೀನೀಯರು ಇದನ್ನು ಪಾಟನ್ನು 'ಸಾಕುವುದು' ಎನ್ನುತ್ತಾರೆ. ಸೋಪು ಮುಟ್ಟಿಸುವಂತಿಲ್ಲ. ಒಂದು ಪಾಟಿಗೆ ಒಂದೇ ಬಗೆಯ ಎಲೆ. ಚಾವೊಝೌ, ಫ್ಯೂಜಿಯನ್ ಕಡೆಯ ಪದ್ಧತಿಯಲ್ಲಿ ಮೋಸಂಬಿ ಗಾತ್ರದ ಪಾಟಿಗೆ ಅರ್ಧಕ್ಕೂ ಮಿಗಿಲಾಗಿ ಊಲಾಂಗ್ ಎಲೆ ತುಂಬಿ, ಕುದಿಯುವ ನೀರು ಹೊಯ್ದು, ಕೆಲವೇ ಕ್ಷಣಗಳಲ್ಲಿ ಪುಟ್ಟ ಬಟ್ಟಲುಗಳಿಗೆ ಬಗ್ಗಿಸುತ್ತಾರೆ. ಅದೇ ಎಲೆಗೆ ಐದಾರು ಸಲ ನೀರು. ಪ್ರತಿ ಸಲವೂ ರುಚಿ ಬೇರೆ. ಒಂದು ಕಪ್ಪನ್ನು ನಿಂತಲ್ಲೇ ಮುಗಿಸಿ ಬಸ್ಸು ಹಿಡಿಯುವವರಿಗೆ ಇದು ಅತಿಯೆನಿಸೀತು. ಆದರೆ ಬಟ್ಟಲು ಖಾಲಿಯಾದ ಮೇಲೆ ಅದನ್ನೇ ಮೂಸುತ್ತಾ ಕೂರುವುದೂ ಅಲ್ಲಿ ಕುಡಿಯುವುದರ ಭಾಗವೇ.

ಹದಿನೇಳನೇ ಶತಮಾನದಲ್ಲಿ ಚಹಾದ ಜತೆ ಈ ಕೆಂಪು ಪಾಟುಗಳೂ ಯುರೋಪು ತಲುಪಿದವು. ಹಾಲೆಂಡಿನ ಡೆಲ್ಫ್ಟ್, ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ಗಳಲ್ಲಿ ನಕಲು ತಯಾರಾದವು. ನಕಲಿನ ಕಥೆ ಯುರೋಪಿಗೇ ಮುಗಿಯುವುದಿಲ್ಲ.

ಇಶಿಂಗ್ ಪಾಟಿನ ತಳದಲ್ಲಿ, ಮುಚ್ಚಳದ ಒಳಗೆ ಮಾಡಿದವನ ಮುದ್ರೆ ಇರುತ್ತದೆ. ಹಣವಂತ ಸಂಗ್ರಾಹಕ ಮೊದಲು ಪಾಟನ್ನು ಬೋರಲು ಹಾಕುವುದು ಅದಕ್ಕೇ. ಪರಂಪರೆಯ ಆದಿಪುರುಷ ಎನ್ನಿಸಿಕೊಂಡ ಗಾಂಗ್ ಚುನ್ ಹದಿನಾರನೇ ಶತಮಾನದಲ್ಲಿ ಒಬ್ಬ ವಿದ್ವಾಂಸನ ಮನೆಯ ಆಳಾಗಿದ್ದನೆಂದು ಪ್ರತೀತಿ. ಅವನದೆನ್ನಲಾದ, ಮರದ ಗಂಟಿನಂಥ ಪಾಟೊಂದು ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದು ಅವನದೇ ಹೌದೇ ಎಂಬುದರಲ್ಲಿ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಇಪ್ಪತ್ತನೇ ಶತಮಾನದ ಶ್ರೇಷ್ಠ ಕುಶಲಕರ್ಮಿ ಗು ಜಿಂಗ್‌ಝೌ (1915-1996) ಎಳೆಯ ವಯಸ್ಸಿನಲ್ಲಿ, 1930ರ ದಶಕದಲ್ಲಿ, ಶಾಂಘೈಯ ಪುರಾತನ ವಸ್ತುಗಳ ವ್ಯಾಪಾರಿಗಳಿಗಾಗಿ ಹಳೆಯ ಗುರುಗಳ ಪಾಟುಗಳ ಪ್ರತಿಕೃತಿ ಮಾಡಿಕೊಡುತ್ತಿದ್ದರು. ಆ ಕೈ ಪಳಗಿದ್ದೇ ಹಾಗೆ. 2010ರಲ್ಲಿ ಅವರದೇ ಒಂದು ಪಾಟು ಬೀಜಿಂಗಿನ ಹರಾಜಿನಲ್ಲಿ 1 ಕೋಟಿ 23 ಲಕ್ಷ ಯುವಾನ್ ದಾಟಿತು. ಈಗ ಅವರ ಮುದ್ರೆಯನ್ನೇ ನಕಲು ಮಾಡುತ್ತಾರೆ!

ಅದೇ 2010ರಲ್ಲಿ ಚೀನಾದ ಸರ್ಕಾರಿ ಟೆಲಿವಿಷನ್ ಇನ್ನೊಂದು ಸುದ್ದಿ ಬಯಲಿಗೆಳೆಯಿತು. ಅಗ್ಗದ ಮಣ್ಣಿಗೆ ರಾಸಾಯನಿಕ ಬಣ್ಣ ಬೆರೆಸಿ ಜಿಶಾ ಎಂದು ಮಾರುತ್ತಿದ್ದರು. ಮುದ್ರೆ ಸುಳ್ಳಾದರೆ ಕೊಂಡವನ ಹಣ ಹೋಗುತ್ತದೆ, ಅಷ್ಟೇ. ಮಣ್ಣು ಸುಳ್ಳಾದರೆ ಕುಡಿಯುವ ನೀರಿಗೇ ಸಂಚಕಾರ. ಪಾಟನ್ನು ಕಪಾಟಿನಲ್ಲಿಡುವವರು ಮೊದಲನೆಯದಕ್ಕೆ ಹೆದರುತ್ತಾರೆ, ಚಹಾ ಮಾಡುವವರು ಎರಡನೆಯದಕ್ಕೆ.

ಈ ಎರಡು ಬಗೆಯ ಜನರ ನಡುವೆ ನಿಂತವರು ಹಾಂಗ್‌ಕಾಂಗಿನ ಉದ್ಯಮಿ ಕೆ.ಎಸ್. ಲೋ. ಸೋಯಾ ಹಾಲನ್ನು ಬಾಟಲಿಯಲ್ಲಿ ಮಾರಿ ಹಣ ಮಾಡಿದವರು. ಹಳೆಯ ಪಾಟುಗಳನ್ನು ಕೊಂಡರು. ಜತೆಗೆ ಬದುಕಿದ್ದ ಇಶಿಂಗ್ ಕುಶಲಕರ್ಮಿಗಳಿಗೆ ಹೊಸ ಪಾಟು ಮಾಡಲು ಕೆಲಸ ಕೊಟ್ಟರು. ಸಾಂಸ್ಕೃತಿಕ ಕ್ರಾಂತಿ ಮುಗಿದ ಹೊಸತರಲ್ಲಿ ಅವರಿಗೆ ಅದು ದೊಡ್ಡ ಆಸರೆ. ಲೋ ಅವರ ಸಂಗ್ರಹವೇ ಹಾಂಗ್‌ಕಾಂಗಿನಲ್ಲಿ 1984ರಲ್ಲಿ ತೆರೆದ ಚಹಾ ಪಾತ್ರೆಗಳ ಮ್ಯೂಸಿಯಮ್ಮಿಗೆ ಬುನಾದಿಯಾಯಿತು.

ಹಾಗಾದರೆ ಪಾಟನ್ನು ಪರೀಕ್ಷಿಸುವುದು ಹೇಗೆ? ಹಳೆಯ ಕೈಗಳು ಅದರಲ್ಲಿ ನೀರು ತುಂಬುತ್ತವೆ. ಮುಚ್ಚಳದ ಗುಬ್ಬಿಯಲ್ಲಿ ಗಾಳಿಗೆಂದು ಸಣ್ಣ ತೂತಿರುತ್ತದೆ. ನೀರು ಬಗ್ಗಿಸುವಾಗ ಬೆರಳಿಂದ ಅದನ್ನು ಮುಚ್ಚಿದರೆ ಧಾರೆ ನಿಲ್ಲಬೇಕು, ಬೆರಳು ತೆಗೆದರೆ ಮತ್ತೆ ಹರಿಯಬೇಕು. ನಿಂತರೆ ಮುಚ್ಚಳ ಸರಿಯಾಗಿ ಕೂತಿದೆ ಎಂದರ್ಥ. ಬಗ್ಗಿಸಿದ ಮೇಲೆ ಮೂತಿಯಿಂದ ಹನಿ ಹೊಟ್ಟೆಯ ಮೇಲೆ ಜಾರಬಾರದು. ಇದರಿಂದ ಪಾಟಿನ ವಯಸ್ಸು ತಿಳಿಯುವುದಿಲ್ಲ, ಅದರ ಹರಾಜಿನ ಬೆಲೆಯೂ ತಿಳಿಯುವುದಿಲ್ಲ. ಒಳ್ಳೆಯ ಚಹಾ ಬಗ್ಗಿಸುತ್ತದೆಯೇ ಎಂಬುದು ತಿಳಿಯುತ್ತದೆ. ಆಮೇಲೆ ಎಲೆ ತೆಗೆದು, ಬಿಸಿನೀರಲ್ಲಿ ತೊಳೆದು, ಮುಚ್ಚಳ ಪಕ್ಕಕ್ಕಿಟ್ಟು ಒಣಗಲು ಬಿಡಬೇಕು. ಒದ್ದೆಯಾಗಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ.