ಜೀವಕೋಶ ಕಂಡ ಕಣ್ಣು, ಚಿತ್ರ ಬರೆದ ಕೈ



1906ರ ಡಿಸೆಂಬರ್ 10ರಂದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ವೈದ್ಯವಿಜ್ಞಾನದ ನೊಬೆಲ್ ಬಹುಮಾನವನ್ನು ಇಬ್ಬರು ಹಂಚಿಕೊಂಡರು. ಒಬ್ಬರು ಇಟಲಿಯ ಕ್ಯಾಮಿಲ್ಲೊ ಗಾಲ್ಜಿ, ಇನ್ನೊಬ್ಬರು ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್. ಇಬ್ಬರೂ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು, ಅದೂ ಒಂದೇ ವಿಧಾನದಿಂದ. ಆದರೆ ಗಾಲ್ಜಿಗೆ ಅಲ್ಲಿ ಕಂಡದ್ದು ಒಂದಕ್ಕೊಂದು ಬೆಸೆದುಕೊಂಡ ನರಗಳ ಬಲೆ. ಕಹಾಲ್ ಬರೆದ ಚಿತ್ರಗಳಲ್ಲಿ ಪ್ರತಿಯೊಂದು ನರಕೋಶವೂ ಬಿಡಿಯಾಗಿದೆ. ಒಂದರ ತುದಿ ಇನ್ನೊಂದರ ಸಮೀಪಕ್ಕೆ ಬಂದು ನಿಲ್ಲುತ್ತದೆ. ಬಹುಮಾನ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲೂ ಗಾಲ್ಜಿ ತಮ್ಮ ಜೊತೆಗಾರರ ವಾದವನ್ನು ಒಪ್ಪಲಿಲ್ಲ.

ಅದೇ ಊರಿನಲ್ಲಿ, ಅದಕ್ಕೆ ಕೆಲವೇ ವಾರ ಮೊದಲು, 44 ವರ್ಷದ ಒಬ್ಬ ಕಲಾವಿದೆ ಹೊಸ ಚಿತ್ರಮಾಲೆಯೊಂದನ್ನು ಶುರುಮಾಡಿದ್ದರು. ಹೆಸರು ಹಿಲ್ಮಾ ಆಫ್ ಕ್ಲಿಂಟ್. ಗಿಡಗಳ ಚಿತ್ರ ಬರೆದು ಕೈ ಪಳಗಿದ್ದವರು, ಪಶುವೈದ್ಯ ಸಂಸ್ಥೆಯೊಂದಕ್ಕೂ ಚಿತ್ರ ಬರೆದುಕೊಟ್ಟಿದ್ದವರು. ಮರುವರ್ಷ ಅವರು ಬರೆದ ಹತ್ತು ಚಿತ್ರಗಳು ಒಂದೊಂದೂ ಮೂರು ಮೀಟರಿಗಿಂತ ಎತ್ತರ. ಅವುಗಳಲ್ಲಿ ಮನುಷ್ಯರಿಲ್ಲ, ಮನೆ ಮರಗಳಿಲ್ಲ. ಬೀಜದಂಥ, ಮೊಟ್ಟೆಯಂಥ, ಎರಡಾಗಿ ಸೀಳುತ್ತಿರುವ ಜೀವಕೋಶದಂಥ ಆಕಾರಗಳಿವೆ, ಸುರುಳಿಗಳಿವೆ. ಅವರನ್ನು ಮುಖ್ಯವಾಗಿ ನಡೆಸಿದ್ದು ಅಧ್ಯಾತ್ಮದ ನಂಬಿಕೆ, ನಿಜ. ಆದರೆ ಆ ಕೈ ಪ್ರಕೃತಿಯನ್ನು ಹತ್ತಿರದಿಂದ ನೋಡಿ ಕಲಿತ ಕೈ.

ಅಮೂರ್ತ ಕಲೆ ಎಂದರೆ ಪ್ರಕೃತಿಗೆ ಬೆನ್ನು ತಿರುಗಿಸುವುದು ಎಂಬ ಮಾತು ನಮ್ಮಲ್ಲಿ ಬೇರೂರಿದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಂಡದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವೇ ಅಮೂರ್ತದ ಬೇರು. ಆ ತೀರ್ಮಾನ ಕಲಾವಿದರ ಕೋಣೆಗಿಂತ ಬಹಳ ಮೊದಲೇ ಸೂಕ್ಷ್ಮದರ್ಶಕದ ಮೇಜಿನ ಮೇಲೆ ನಡೆಯುತ್ತಿತ್ತು.

1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಕಾರ್ಕಿನ ತೆಳುವಾದ ಹೋಳೊಂದನ್ನು ನೋಡಿ, ಅದರ ಖಾಲಿ ಕೋಣೆಗಳನ್ನು ಜೇನುಗೂಡಿಗೆ ಹೋಲಿಸಿದರು. ‘ಮೈಕ್ರೋಗ್ರಾಫಿಯಾ’ ಎಂಬ ಅವರ ಪುಸ್ತಕದಲ್ಲಿ ಆ ಹೋಳಿನ ಚಿತ್ರ ಕಪ್ಪು ಹಿನ್ನೆಲೆಯ ಮೇಲೆ ಸಾಲುಸಾಲು ಬಿಳಿ ಗೆರೆ, ಅಷ್ಟೆ. ಏನೆಂದು ಹೇಳದೆ ಇಂದು ಒಂದು ಕಲಾಶಾಲೆಯ ಗೋಡೆಗೆ ತೂಗುಹಾಕಿದರೆ ಯಾರೂ ಅದನ್ನು ವಿಜ್ಞಾನದ ಚಿತ್ರ ಎನ್ನಲಾರರು.

ಕಾರ್ಕಿನ ಗೋಡೆಗಳು ಕಂಡವು, ಸರಿ. ಬದುಕಿರುವ ಕೋಶದ ಕಷ್ಟವೇ ಬೇರೆ. ಅದು ಬಹುಪಾಲು ಪಾರದರ್ಶಕ. ಒಳಗಿರುವುದು ಕಾಣಬೇಕಾದರೆ ಬಣ್ಣ ಹಾಕಬೇಕು. ಆ ಬಣ್ಣ ಬಂದದ್ದು ಬಟ್ಟೆಗೆ ಬಣ್ಣ ಕಟ್ಟುವವರಿಂದ. ಡೆಲ್ಫ್ಟ್ ಊರಿನ ಜವಳಿ ವ್ಯಾಪಾರಿ ಲೇವನ್‌ಹುಕ್ ಸ್ನಾಯುವಿನ ಎಳೆ ನೋಡಲು ಕೇಸರಿ ಬಳಸಿದರು. ಅನಂತರದವರು ಕಾಚಿನೀಲ್ ಹುಳದ ಕೆಂಪನ್ನು, ಲಾಗ್‌ವುಡ್ ಮರದ ನೇರಳೆಯನ್ನು ತಂದರು. 1856ರಲ್ಲಿ, ಕ್ವಿನೈನ್ ತಯಾರಿಸಲು ಹೊರಟಿದ್ದ 18 ವರ್ಷದ ವಿಲಿಯಂ ಪರ್ಕಿನ್‌ಗೆ ನೇರಳೆ ಬಣ್ಣವೊಂದು ಸಿಕ್ಕಿತು. ಅಲ್ಲಿಂದ ಕೃತಕ ಬಣ್ಣಗಳ ಕಾರ್ಖಾನೆಗಳೇ ಎದ್ದವು. ಆ ಬಣ್ಣಗಳು ಪ್ರಯೋಗಶಾಲೆಗೂ ನುಗ್ಗಿದವು. ಕೋಶ ಇಬ್ಭಾಗವಾಗುವಾಗ ಅದರ ನಡುವೆ ಎಳೆಗಳು ಹೇಗೆ ಸಾಲುಗಟ್ಟಿ ಬೇರೆಯಾಗುತ್ತವೆ ಎಂಬುದನ್ನು ಜರ್ಮನಿಯ ವಾಲ್ಟರ್ ಫ್ಲೆಮಿಂಗ್ 1882ರಲ್ಲಿ ವಿವರವಾಗಿ ಬರೆದು ಪ್ರಕಟಿಸಿದ್ದು ಇಂಥ ಬಣ್ಣಗಳ ಬಲದಿಂದಲೇ. ಅಂದರೆ ಪಠ್ಯಪುಸ್ತಕದಲ್ಲಿ ನಾವು ಕಂಡ ಆ ಗುಲಾಬಿ, ನೇರಳೆ ಯಾವುದೂ ಕೋಶದ ಸ್ವಂತ ಬಣ್ಣವಲ್ಲ.

ಈಗ ಮತ್ತೆ ಕಹಾಲ್ ಅವರ ಬಳಿ ಹೋಗೋಣ. ಈ ಚರಿತ್ರೆಯಲ್ಲಿ ನನಗೆ ತೀರ ಪ್ರಿಯರಾದವರು ಅವರೇ. ಹುಡುಗನಿಗೆ ಚಿತ್ರಕಾರನಾಗುವ ಹಂಬಲ. ವೈದ್ಯರಾಗಿದ್ದ ತಂದೆಗೆ ಅದು ಸುತರಾಂ ಇಷ್ಟವಿಲ್ಲ. ಕೊನೆಗೆ ತಂದೆಯೇ ಮಗನನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗಿ, ಮೂಳೆಗಳನ್ನು ಆಯ್ದು, ಅವುಗಳ ಚಿತ್ರ ಬರೆಸಿದರು. ಚಿತ್ರದ ಹುಚ್ಚು ಅಂಗರಚನಾಶಾಸ್ತ್ರಕ್ಕೆ ದಾರಿಯಾಯಿತು. 1887ರಲ್ಲಿ ಅವರು ಗಾಲ್ಜಿ ವಿಧಾನದ ಸ್ಲೈಡುಗಳನ್ನು ಮೊದಲ ಸಲ ಕಂಡರು. ಗಾಲ್ಜಿ 1873ರಲ್ಲಿ ಪ್ರಕಟಿಸಿದ್ದ ಆ ವಿಧಾನದಲ್ಲಿ ಅಂಗಾಂಶವನ್ನು ಮೊದಲು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ, ಆಮೇಲೆ ಸಿಲ್ವರ್ ನೈಟ್ರೇಟಿನಲ್ಲಿ ನೆನೆಸುತ್ತಾರೆ. ಆಗ ನೂರರಲ್ಲಿ ಕೆಲವೇ ಕೋಶಗಳು, ಬುಡದಿಂದ ತುದಿಯವರೆಗೆ, ಕಪ್ಪಾಗುತ್ತವೆ. ಉಳಿದವು ಕಾಣುವುದೇ ಇಲ್ಲ. ಎಲ್ಲವೂ ಕಪ್ಪಾಗಿದ್ದರೆ ಅದು ಬರೀ ಮಸಿಯಾಗುತ್ತಿತ್ತು. ಬಿಡುವ ಕೆಲಸದಲ್ಲಿ ಅರ್ಧವನ್ನು ರಸಾಯನವೇ ಮಾಡಿಕೊಟ್ಟಿತು, ಮಿಕ್ಕರ್ಧವನ್ನು ಕಹಾಲ್ ಮಾಡಿದರು. ಎಷ್ಟೋ ಹೊತ್ತು ನೋಡುವರು, ಆಮೇಲೆ ನೆನಪಿನಿಂದ ಬರೆಯುವರು, ಮತ್ತೆ ಸ್ಲೈಡಿಗೆ ಹೋಲಿಸಿ ತಿದ್ದುವರು. ಹಲವು ಸ್ಲೈಡುಗಳಲ್ಲಿ ಕಂಡದ್ದನ್ನು ಒಂದೇ ಹಾಳೆಯಲ್ಲಿ ಕೂಡಿಸುವರು. ಹಾಗೆ ಅವರು ಬರೆದಿಟ್ಟ ಚಿತ್ರಗಳು ಎರಡೂವರೆ ಸಾವಿರಕ್ಕೂ ಹೆಚ್ಚು. ಅವು ಛಾಯಾಚಿತ್ರಗಳಂತೆ ಇದ್ದದ್ದನ್ನೆಲ್ಲ ತುಂಬಿಕೊಂಡವಲ್ಲ, ವಿಚಾರ ಮಾಡಿ ಎಳೆದ ಗೆರೆಗಳು. ನರಕೋಶಗಳು ಬಿಡಿಬಿಡಿ ಎಂಬ ಅವರ ತೀರ್ಮಾನ ಸರಿಯೆಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ 1950ರ ದಶಕದಲ್ಲಿ ತೋರಿಸಿತು.

ಎಲ್ಲರ ಕೈಯೂ ಅಷ್ಟು ಎಚ್ಚರದ್ದಲ್ಲ. ಜರ್ಮನಿಯ ಅರ್ನ್ಸ್ಟ್ ಹೆಕೆಲ್ 1899ರಿಂದ 1904ರವರೆಗೆ ನೂರು ಚಿತ್ರಪಟಗಳಲ್ಲಿ ‘ಪ್ರಕೃತಿಯ ಕಲಾರೂಪಗಳು’ ಎಂಬ ಗ್ರಂಥ ಹೊರತಂದರು. ಸಮುದ್ರದ ಏಕಕೋಶ ಜೀವಿಗಳಾದ ರೇಡಿಯೊಲೇರಿಯಾಗಳ ಗಾಜಿನಂಥ ಅಸ್ಥಿಪಂಜರಗಳು ಅಲ್ಲಿ ಕಣ್ಣು ಕೋರೈಸುತ್ತವೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದ ಮಹಾದ್ವಾರವನ್ನು ರೆನೆ ಬಿನೆ ಎಂಬ ವಾಸ್ತುಶಿಲ್ಪಿ ರೂಪಿಸಿದ್ದು ಇಂಥದೊಂದು ರೇಡಿಯೊಲೇರಿಯಾದ ಮಾದರಿಯಲ್ಲಿ. ಅಂದದ ವಿಷಯದಲ್ಲಿ ಹೆಕೆಲ್‌ಗೆ ಸಾಟಿಯಿಲ್ಲ. ಆದರೆ ಸಮಮಿತಿಯ ಮೋಹದಲ್ಲಿ ಅವರು ಜೀವದ ಒರಟು ಅಂಚುಗಳನ್ನು ತುಸು ಹೆಚ್ಚಾಗಿಯೇ ನಯಗೊಳಿಸಿದರು ಎಂದು ನನ್ನ ಅಭಿಪ್ರಾಯ.

ಅಮೂರ್ತ ಚಿತ್ರದ ಹಿರಿಯ ಕ್ಯಾಂಡಿನ್‌ಸ್ಕಿ ಇಂಥ ಜೀವರೂಪಗಳ ಕಡೆ ತಿರುಗಿದ್ದು ಮುಪ್ಪಿನಲ್ಲಿ. 1933ರಲ್ಲಿ ಅವರು ಕಲಿಸುತ್ತಿದ್ದ ಜರ್ಮನಿಯ ಬೌಹೌಸ್ ಕಲಾಶಾಲೆ ನಾಜಿಗಳ ಒತ್ತಡಕ್ಕೆ ಮುಚ್ಚಿತು. ಅವರು ಪ್ಯಾರಿಸ್ ಪಕ್ಕದ ನ್ಯೂಯಿಗೆ ಬಂದು ನೆಲೆಸಿದರು. ಅದುವರೆಗೆ ಅವರ ಚಿತ್ರಗಳಲ್ಲಿದ್ದ ತ್ರಿಕೋನ, ವೃತ್ತಗಳು ಮೃದುವಾಗತೊಡಗಿದವು. ಜೀವಶಾಸ್ತ್ರದ ಗ್ರಂಥಗಳ ಚಿತ್ರಗಳಲ್ಲಿ ಅವರು ಕಂಡಿದ್ದ ಭ್ರೂಣ, ಲಾರ್ವಾ, ಅಮೀಬಾಗಳು ಕ್ಯಾನ್ವಾಸಿಗೆ ಇಳಿದುಬಂದವು. 1940ರ ‘ಆಕಾಶನೀಲಿ’ ಚಿತ್ರದಲ್ಲಿ ಅಂಥ ಬಣ್ಣಬಣ್ಣದ ಜೀವಿಗಳು ನೀಲಿಯಲ್ಲಿ ತೇಲುತ್ತವೆ. ಯುರೋಪು ಯುದ್ಧದಲ್ಲಿ ಉರಿಯುತ್ತಿದ್ದ ವರ್ಷ ಅದು. ಪುಸ್ತಕದ ಚಿತ್ರವನ್ನು ಅವರು ನಕಲು ಮಾಡಲಿಲ್ಲ. ಗಾತ್ರ, ಬಣ್ಣ, ನೆರೆಹೊರೆ ಎಲ್ಲವನ್ನೂ ಬದಲಾಯಿಸಿದರು, ಆದರೂ ಬೆಳೆಯುವ ವಸ್ತುವಿನ ಚಲನೆಯನ್ನು ಬಿಡಲಿಲ್ಲ.

ಯುದ್ಧ ಮುಗಿದ ಮೇಲೆ ಈ ಆಕಾರಗಳು ಮನೆಯೊಳಕ್ಕೂ ಬಂದವು. 1951ರಲ್ಲಿ ಲಂಡನ್ನಿನಲ್ಲಿ ನಡೆದ ‘ಬ್ರಿಟನ್ ಉತ್ಸವ’ಕ್ಕಾಗಿ, ಹರಳುಗಳ ರಚನೆ ಅಭ್ಯಸಿಸುತ್ತಿದ್ದ ಹೆಲೆನ್ ಮೆಗಾ ಅವರ ಸಲಹೆಯಂತೆ, ಎಕ್ಸ್-ರೇ ಅಧ್ಯಯನದ ನಕ್ಷೆಗಳು ಪರದೆ, ಗೋಡೆಕಾಗದ, ತಟ್ಟೆಗಳ ವಿನ್ಯಾಸವಾದವು. ಹಿಮೋಗ್ಲೋಬಿನ್ ಇತ್ತು, ಡೊರೊಥಿ ಹಾಡ್ಜ್‌ಕಿನ್ ಅವರ ಇನ್ಸುಲಿನ್ ಕೂಡ ಇತ್ತು. ಇನ್ಸುಲಿನ್ ಹರಳಿನ ಮೊದಲ ಎಕ್ಸ್-ರೇ ಚಿತ್ರವನ್ನು ಹಾಡ್ಜ್‌ಕಿನ್ ತೆಗೆದದ್ದು 1930ರ ದಶಕದಲ್ಲಿ, ಅದರ ಪೂರ್ಣ ರಚನೆ ಬಿಡಿಸಿದ್ದು 1969ರಲ್ಲಿ. ಅವರ ತಂಡದಲ್ಲಿದ್ದ ಎಂ. ವಿಜಯನ್ ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಇಲ್ಲಿ ಪ್ರೋಟೀನುಗಳ ರಚನೆಯ ಅಧ್ಯಯನವನ್ನು ಬೆಳೆಸಿದರು. ಇನ್ಸುಲಿನ್ನಿನ ಆಕಾರ ಇನ್ನೂ ಪೂರ್ತಿ ತಿಳಿಯುವ ಮೊದಲೇ ಅದರ ನಕ್ಷೆ ಗೋಡೆಯನ್ನು ಅಲಂಕರಿಸಿತ್ತು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಕೋಶಕ್ಕೆ ಬಣ್ಣ ಕೊಡುವ ಕೆಲಸ ಇಂದಿಗೂ ನಿಂತಿಲ್ಲ. ಈಗ ಜೆಲ್ಲಿಮೀನಿನಿಂದ ಪಡೆದ ಹಸಿರು ಪ್ರೋಟೀನು ಬದುಕಿರುವ ಕೋಶವನ್ನೇ ಹೊಳೆಸುತ್ತದೆ. 2007ರಲ್ಲಿ ಹಾರ್ವರ್ಡಿನ ವಿಜ್ಞಾನಿಗಳು ಇಂಥ ಪ್ರೋಟೀನುಗಳನ್ನು ಬೆರೆಸಿ ಇಲಿಯ ನರಕೋಶಗಳಿಗೆ ಸುಮಾರು 90 ಛಾಯೆಗಳನ್ನು ಕೊಟ್ಟರು. ಇಂದಿನ ಅನೇಕ ಸೂಕ್ಷ್ಮಚಿತ್ರಗಳಲ್ಲಿ ಕ್ಯಾಮೆರಾ ಹಿಡಿಯುವುದು ಬರೀ ಬೆಳಕಿನ ಹೆಚ್ಚುಕಡಿಮೆಯನ್ನು. ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ವಿಜ್ಞಾನಿಯೇ ಆರಿಸುತ್ತಾರೆ.

ಇದನ್ನು ಕೇಳುತ್ತಿರುವ ಪಿಯುಸಿ ವಿದ್ಯಾರ್ಥಿಗಳಿಗೆ ಒಂದು ಮಾತು. ಈರುಳ್ಳಿ ಸಿಪ್ಪೆಯ ಪೊರೆಗೆ ಸ್ಯಾಫ್ರನಿನ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೀರಲ್ಲ, ರೆಕಾರ್ಡಿಗೆ ಬೇಕಾದ ಚಿತ್ರ ಬರೆದಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿರಿ. ಭಾಗಗಳ ಹೆಸರನ್ನು ಮರೆತು, ಕಂಡದ್ದನ್ನು ಬೇರೊಂದು ಹಾಳೆಯಲ್ಲಿ ಬರೆಯಿರಿ: ಯಾವ ಗೋಡೆ ದಪ್ಪ, ಯಾವ ಸಾಲು ತಪ್ಪಿದೆ, ಯಾವ ಕೋಶ ಪಕ್ಕದ್ದನ್ನು ಒತ್ತಿದೆ. ಯಾವುದನ್ನು ಬಿಟ್ಟಿರಿ ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಬಣ್ಣ ಹಚ್ಚುವ ಮೊದಲು ಆ ಬಣ್ಣ ಸ್ಯಾಫ್ರನಿನ್ನಿನದೋ, ನಿಮ್ಮದೋ ಎಂಬುದನ್ನೂ ತೀರ್ಮಾನಿಸಿಕೊಳ್ಳಿ.