ಕಾಲುವೆ ದಂಡೆಯ ಕ್ಯಾಂಪುಗಳು



ಗಂಗಾವತಿಯಿಂದ ಕಾರಟಗಿ ಕಡೆ ಹೊರಟರೆ ಎಷ್ಟೋ ಊರಿನ ಹೆಸರಿನ ಹಿಂದೆ ‘ಕ್ಯಾಂಪ್’ ಎಂದಿರುತ್ತದೆ. ನಮ್ಮ ಸೀಮೆಗೆ ಈ ಮಾತು ಹಳೆಯದು. ನಿಜಾಮನ ಪರ ನಿಂತ ರಜಾಕಾರರ ಹಾವಳಿಯ ಕಾಲದಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದಲ್ಲಿ ನಡೆದ ಹೋರಾಟಗಾರರ ಶಿಬಿರವನ್ನು ಹಿರಿಯರು ಮುಂಡರಗಿ ಕ್ಯಾಂಪ್ ಎಂದೇ ನೆನೆಯುತ್ತಾರೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ವಿಮೋಚನೆಯಾಯಿತು, ಆ ಕ್ಯಾಂಪಿನ ಕೆಲಸ ಮುಗಿಯಿತು. ಕಾಲುವೆ ದಂಡೆಯ ಕ್ಯಾಂಪುಗಳು ಮಾತ್ರ ಬೇರೂರಿ ಊರುಗಳಾದವು.

1945ರಲ್ಲಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. 1953ರಲ್ಲಿ ಕಾಲುವೆಗೆ ನೀರು ಬಂತು. ಆನೆಗೊಂದಿಯ ಹೊಳೆದಂಡೆಯಲ್ಲಿ ವಿಜಯನಗರದ ಕಾಲುವೆಗಳಿದ್ದವು, ಅಲ್ಲಿ ಗದ್ದೆ ಹಳೆಯದು. ಆದರೆ ಒಳಗಿನ ಎರೆ ಹೊಲದವರಿಗೆ ಗೊತ್ತಿದ್ದದ್ದು ಜೋಳ, ಹತ್ತಿ. ನೆಲ್ಲು ಹಚ್ಚುವುದು ಗೊತ್ತಿದ್ದವರು ಗುಂಟೂರು, ಕೃಷ್ಣಾ, ಗೋದಾವರಿ ಜಿಲ್ಲೆಗಳ ರೈತರು. ಅಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹಲವು ಎಕರೆ ಬರುತ್ತಿತ್ತು. ಮಾರಿ ಬಂದರು.

ಬಂದವರಿಗೆ ಇದ್ದದ್ದು ಹುಲ್ಲು ಹೊದಿಸಿದ ಗುಡಿಸಲು. ಜಾಲಿ ಕಡಿಯಬೇಕು, ಎತ್ತು ಕಟ್ಟಿ ಹೊಲ ಸಮ ಮಾಡಬೇಕು, ಒಡ್ಡು ಹಾಕಬೇಕು. ಶ್ರೀರಾಮನಗರದಂಥ ಊರು ಹೀಗೆ ಎದ್ದದ್ದು. ಒಂದು ಮನೆಯ ಅಜ್ಜಿ ನನಗೆ ಹೇಳಿದ್ದರು: “ಮಳೆ ಬಂದ್ರೆ ಮೊದಲು ಬೀಜದ ಚೀಲ ಮಂಚದ ಮ್ಯಾಲೆ, ಆಮ್ಯಾಲೆ ಮಕ್ಕಳು.” ಎಮ್ಮೆಯ ಜೊತೆ ತೆಲುಗು, ನನ್ನ ಜೊತೆ ಅಚ್ಚ ಗಂಗಾವತಿ ಕನ್ನಡ. ಅವರ ಮಗ ರೈಸ್ ಮಿಲ್ಲಿಗೆ ಪಾಲುದಾರನಾದ. ಕನ್ನಡ ಶಾಲೆಯಲ್ಲಿ ಓದಿದ ಮೊಮ್ಮಗಳು ಈಗ ಡಾಕ್ಟರು. ಗುಡಿಸಲಿನ ಬಾಗಿಲ ಚೌಕಟ್ಟನ್ನು ಹೊಸ ಮನೆಯ ದನದ ಕೊಟ್ಟಿಗೆಗೆ ಕೂಡಿಸಿದ್ದಾರೆ. ಅಜ್ಜಿ ದಿನಾ ಅದರ ಕೆಳಗೆ ತಲೆ ಬಗ್ಗಿಸಿ ಹೋಗುತ್ತಾರೆ.

ಈ ದುಡಿಮೆಗೆ ನಾನು ಕೈಮುಗಿಯುತ್ತೇನೆ. ಆದರೆ ದುಡಿಮೆಯೊಂದೇ ಇದನ್ನೆಲ್ಲ ಮಾಡಿತು ಎಂದರೆ ಒಪ್ಪುವುದಿಲ್ಲ. ನೀರು ಮಾಡಿತು. ಅಗ್ಗಕ್ಕೆ ಹೊಲ ಕೊಟ್ಟವರು ನಮ್ಮವರೇ. ಅವರಲ್ಲಿ ಎಷ್ಟೋ ಮಂದಿಯ ಮಕ್ಕಳು ಅದೇ ಹೊಲಕ್ಕೆ ಕೂಲಿ ಹೋದರು. ಈ ಕಾಲುವೆಯನ್ನು ಯೋಜಿಸಿದ್ದು ಮುಖ್ಯವಾಗಿ ಕಡಿಮೆ ನೀರು ಬೇಡುವ ಬೆಳೆಗೆ. ಮೇಲ್ಭಾಗ ನೆಲ್ಲಿಗೆ ತಿರುಗಿದ ಮೇಲೆ ರಾಯಚೂರು ಕಡೆಯ ಕೊನೆ ಭಾಗದ ರೈತ ನೀರಿಗಾಗಿ ರಸ್ತೆಗೆ ಇಳಿಯಬೇಕಾಯಿತು. ನೀರು ಹೆಚ್ಚಾದಲ್ಲಿ ಭೂಮಿ ಸವಳಾಯಿತು. ಇದನ್ನೆಲ್ಲ ಬಿಟ್ಟು ಬರೀ ಗೆದ್ದವರ ಕಥೆ ಹೇಳಿದರೆ ನಮ್ಮ ನೆಲಕ್ಕೆ ಅನ್ಯಾಯ ಮಾಡಿದ ಹಾಗೆ.

ಇನ್ನೊಂದು ಬಗೆಯ ಕ್ಯಾಂಪೂ ಇದೆ: ನೆರೆಯ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿದ್ದಾರೆ. ಪೌರತ್ವದ ಕಾಗದಕ್ಕಾಗಿ ದಶಕಗಟ್ಟಲೆ ಕಾದವರು. ಅವರ ದಾರಿ ಇನ್ನೂ ಕಠಿಣ.

ಇನ್ನು ಕುಷ್ಟಗಿ, ಯಲಬುರ್ಗಾ ಕಡೆ ತಿರುಗಿ ನೋಡಿ. ಮಳೆ ನಂಬಿದ ಭೂಮಿ. ಮಳೆ ಕೈಕೊಟ್ಟರೆ ಮನೆಗೆ ಬೀಗ, ಬುತ್ತಿಗಂಟು, ಮಂಗಳೂರಿನದೋ ಬೆಂಗಳೂರಿನದೋ ಬಸ್ಸು. ಅಲ್ಲಿ ಕಟ್ಟಡದ ಪಕ್ಕದ ತಗಡಿನ ಶೆಡ್ಡೇ ಮನೆ. ಅದೂ ಒಂದು ಕ್ಯಾಂಪೇ. ಆದರೆ ಕಟ್ಟಡ ಮುಗಿದ ದಿನ ಶೆಡ್ಡು ಕಿತ್ತುಕೊಂಡು ಬೇರೆ ಕಡೆಗೆ ಹೋಗಬೇಕು, ಜೊತೆಗೆ ಮಗುವಿನ ಶಾಲೆಯೂ ತಪ್ಪುತ್ತದೆ. ಗಂಗಾವತಿಯ ಗುಡಿಸಲಿನ ಮೊಮ್ಮಗಳು ಡಾಕ್ಟರಾದದ್ದು ಮೂರು ತಲೆಮಾರು ಒಂದೇ ಜಾಗದಲ್ಲಿ ನಿಲ್ಲಲು ಆದದ್ದರಿಂದ. ಹೀಗೆ ಕೂಲಿ ಅರಸಿ ಗುಳೆ ಹೋದವರಿಗೆ ಮೂರು ವರ್ಷವೂ ಹಾಗೆ ನಿಲ್ಲಲು ಆಗುವುದಿಲ್ಲ.

ಅದಕ್ಕೆ ನಿಮ್ಮಲ್ಲಿ ಒಂದು ವಿನಂತಿ. ನಿಮ್ಮೂರಿನಿಂದ ಗುಳೆ ಬಸ್ಸು ಹೊರಟಾಗ ನಿಲ್ದಾಣಕ್ಕೆ ಹೋಗಿ. ಶಾಲೆಗೆ ಹೋಗುವ ಮಗು ಆ ಗಂಟುಗಳ ಮಧ್ಯೆ ಕೂತಿದ್ದರೆ ತಾಯಿ-ತಂದೆಯನ್ನು ಮಾತಾಡಿಸಿ, ಹಾಸ್ಟೆಲ್ಲಿಗೆ ಸೇರಿಸಿ. ಆಗದಿದ್ದರೆ, ಅವರು ಒಪ್ಪಿದರೆ, ಪರೀಕ್ಷೆ ಮುಗಿಯುವ ತನಕ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ.